ಬಾಡಿಗೆ ಕಾರು, ಲೀಟರಿಗೆ ಹನ್ನೆರಡೇ ಕಿಲೋಮೀಟರ್: ತಪ್ಪು ನನ್ನದಾ, ಕಾರಿನದ್ದಾ?

ಕುಡ್ಲದ ಅಳಿಯ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನದು ಮೈಸೂರು, ಹೆಂಡತಿಯ ಮನೆ ಕಾವೂರು. ವರ್ಷಕ್ಕೆ ಮೂರ್ನಾಲ್ಕು ಸಲ ಮಂಗಳೂರಿಗೆ ಬರುತ್ತೇನೆ. ಬಂದಾಗಲೆಲ್ಲ ಮಾವನ ಸ್ಕೂಟರ್ ಇತ್ತು, ಸಾಕಾಗುತ್ತಿತ್ತು. ಈ ಸಲ ಎರಡು ಮಕ್ಕಳು, ಜೊತೆಗೆ ಅತ್ತೆಯನ್ನೂ ಕರೆದುಕೊಂಡು ಓಡಾಡಬೇಕಿತ್ತು. ಹಾಗಾಗಿ ಮೂರು ದಿನಕ್ಕೆ ಒಂದು ಸಣ್ಣ ಕಾರು ಬಾಡಿಗೆಗೆ ತೆಗೆದುಕೊಂಡೆ. ಒಂದು ಲೀಟರ್ ಪೆಟ್ರೋಲ್ ಎಂಜಿನ್, ಕೈಯಲ್ಲಿ ಹಾಕುವ ಐದು ಗೇರು. ಕಾರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿ ಕಂಪನಿ ಜಗಳ ಶುರುವಾಗಿ ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ.

ಕೀ ಕೊಡುವಾಗ ಬಾಡಿಗೆಯವರು "ಇಪ್ಪತ್ತು ಗ್ಯಾರಂಟಿ ಸರ್, ಹೈವೇಯಲ್ಲಿ ಇನ್ನೂ ಜಾಸ್ತಿ ಬರ್ತದೆ" ಅಂದಿದ್ದರು. ಮೊದಲ ದಿನ ಉಡುಪಿ, ಅಲ್ಲಿಂದ ಮರವಂತೆ. ರಾತ್ರಿ ಉಡುಪಿಯಲ್ಲೇ ಉಳಿದೆವು. ಎರಡನೇ ದಿನ ಆಗುಂಬೆಗೆ ಹೋಗಿ ಬಂದು ಕಾವೂರಿಗೆ ವಾಪಸ್. ಮೂರನೇ ದಿನ ಪೇಟೆಯೊಳಗೆ ನೆಂಟರ ಮನೆಗಳು. ಒಟ್ಟು 372 ಕಿಲೋಮೀಟರ್. ಹತ್ತು ಹತ್ತು ಲೀಟರಿನಂತೆ ಮೂರು ಸಲ ಪೆಟ್ರೋಲ್ ಹಾಕಿಸಿದೆ. ಕೊಡುವಾಗ ಗೇಜಿನಲ್ಲಿ ಎರಡು ಕಡ್ಡಿ ಇತ್ತು, ವಾಪಸ್ ಕೊಡುವಾಗಲೂ ಎರಡು ಕಡ್ಡಿ.

ಲೆಕ್ಕ ಹಾಕಿದರೆ ಲೀಟರಿಗೆ 12.4. ಇಪ್ಪತ್ತು ಎಲ್ಲಿ ಹೋಯಿತು? ನಾನು ರೇಸ್ ಓಡಿಸುವವನಲ್ಲ. ಮೈಸೂರಿನಲ್ಲಿ ನನ್ನ ಹಳೇ ಕಾರು ಹದಿನಾರು ಕೊಡುತ್ತದೆ. ಬೈಯುವವರು ಬೈಯಿರಿ, ಆದರೆ ಕಾರಣವನ್ನೂ ಹೇಳಿ.

ಗೋಳಿಬಜೆ · 9:52

ಅತ್ತೆಯ ಭಾರ ಲೆಕ್ಕಕ್ಕೆ ತೆಗೆದುಕೊಂಡಿರಾ?

ಕುಡ್ಲದ ಅಳಿಯ · 9:55

ಅವರೂ ಈ ವೇದಿಕೆ ಓದುತ್ತಾರೆ ಮಾರಾಯ. ಸುಮ್ನಿರು.

ಸ್ಪ್ಯಾನರ್ ಅಣ್ಣ · 10:20

ಕಾರಣ ಆಮೇಲೆ. ಮೊದಲು ನಿಮ್ಮ ಲೆಕ್ಕವೇ ಸರಿ ಇಲ್ಲ. ಎರಡು ಕಡ್ಡಿಯಿಂದ ಎರಡು ಕಡ್ಡಿ ಅಂದ್ರೆ ಎಂತ ಅಳತೆ? ಒಂದು ಕಡ್ಡಿಯೊಳಗೆ ಮೂರು ಲೀಟರೂ ಇರಬಹುದು, ನಾಲ್ಕೂ ಇರಬಹುದು. ಕಡ್ಡಿ ಈಗಷ್ಟೇ ಹತ್ತಿದ್ದಾ, ಇನ್ನೇನು ಆರುವುದರಲ್ಲಿತ್ತಾ, ನಿಮಗೆ ಕಾಣುವುದಿಲ್ಲ. ಕೊಡುವಾಗ ಸ್ವಲ್ಪ ಕಮ್ಮಿ ಇದ್ದು, ನೀವು ಜಾಸ್ತಿ ಬಿಟ್ಟು ಬಂದಿದ್ದರೆ ಖರ್ಚಾದದ್ದು 26 ಲೀಟರ್, ಅಂದರೆ 14.3. ಉಲ್ಟಾ ಆಗಿದ್ದರೆ 34 ಲೀಟರ್, ಅಂದರೆ 10.9. ನಿಮ್ಮ 12.4 ಈ ಹನ್ನೊಂದಕ್ಕೂ ಹದಿನಾಲ್ಕಕ್ಕೂ ನಡುವೆ ಎಲ್ಲಿ ಬೇಕಾದರೂ ಇರಬಹುದು.

ಸರಿಯಾದ ಅಳತೆ ಒಂದೇ. ಟ್ಯಾಂಕ್ ಫುಲ್ ಮಾಡಿಸಿ. ಬಂಕಿನ ನಳಿಗೆ ಮೊದಲ ಸಲ ತಾನೇ ಟಕ್ ಅಂತ ನಿಲ್ಲುತ್ತದಲ್ಲ, ಅಲ್ಲಿಗೆ ನಿಲ್ಲಿಸಿ. ರೌಂಡ್ ಫಿಗರ್ ಮಾಡ್ತೇನೆ ಅಂತ ಹುಡುಗರು ಮತ್ತೆ ಮತ್ತೆ ಒತ್ತುತ್ತಾರೆ, ಬೇಡ ಅನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ. ಸಾಧ್ಯವಾದರೆ ಅದೇ ಬಂಕಿಗೆ ಬಂದು ಮತ್ತೆ ಮೊದಲ ಟಕ್‌ವರೆಗೆ ಹಾಕಿಸಿ. ಓಡಿದ್ದನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ, ಮುಗಿಯಿತು. ಡ್ಯಾಶ್‌ಬೋರ್ಡ್ ತೋರಿಸುವ ಆ್ಯವರೇಜ್ ನಂಬಬೇಡಿ. ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಅದು ಹೆಚ್ಚಾಗಿ ಸ್ವಲ್ಪ ಹೊಗಳಿಕೊಂಡೇ ಹೇಳುತ್ತದೆ.

ಇನ್ನು ಕಂಪನಿ ಬರೆಯುವ ಅಂಕಿ. ವ್ಯಾಗನ್‌ಆರ್ ಒಂದು ಲೀಟರ್ ಮ್ಯಾನ್ಯುವಲ್‌ಗೆ 24.35, ಆಲ್ಟೊ ಕೆ10ಕ್ಕೆ 24.39 ಅಂತ ಉಂಟು. ಅದು ಸುಳ್ಳಲ್ಲ. ಆದರೆ ಆ ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ಒಳಗೆ ರೋಲರಿನ ಮೇಲೆ. ಎ.ಸಿ. ಇಲ್ಲ, ಗುಡ್ಡ ಇಲ್ಲ, ವೇಗ 90 ದಾಟುವುದಿಲ್ಲ. ಮಂಗಳೂರಿನ ನಂತೂರು ಸರ್ಕಲಿನ ಟ್ರಾಫಿಕ್ ಅಂತೂ ಇಲ್ಲವೇ ಇಲ್ಲ.

ಕುಂದಾಪ್ರ ಎಕ್ಸ್‌ಪ್ರೆಸ್ · 10:48

ನಾನು ಐದು ವರ್ಷದಿಂದ ದಿನಾ ಕುಂದಾಪುರದಿಂದ ಉಡುಪಿಗೆ ಕೆಲಸಕ್ಕೆ ಹೋಗಿ ಬರುವವಳು. ನನ್ನದೂ ಒಂದು ಲೀಟರಿನ ಕಾರೇ. ಹದಿನೆಂಟರಿಂದ ಇಪ್ಪತ್ತು ಬರುತ್ತದೆ. ಮಾಡುವುದು ಎಂತದೂ ಇಲ್ಲ. ಮುಂದೆ ನೋಡುವುದು, ಅಷ್ಟೇ.

ನಮ್ಮಲ್ಲಿ ಜನ ಹೇಗೆ ಓಡಿಸುತ್ತಾರೆ ಅಂದ್ರೆ, ಮುಂದೆ ಬ್ಯಾರಿಕೇಡ್ ಕಾಣುತ್ತಾ ಇರುತ್ತದೆ, ಆದರೂ ಅದರ ಮೂತಿಯವರೆಗೆ ಆಕ್ಸಿಲರೇಟರ್ ಒತ್ತಿಕೊಂಡೇ ಹೋಗುವುದು. ಅಲ್ಲಿ ಗಕ್ಕನೆ ಬ್ರೇಕ್. ದಾಟಿದ ಕೂಡಲೇ ಮತ್ತೆ ಬುರ್ರ್ ಅಂತ ಎಬ್ಬಿಸುವುದು. ಬ್ರೇಕ್ ಒತ್ತಿದಾಗಲೆಲ್ಲ ನೀವು ಕಾಸು ಕೊಟ್ಟು ಪಡೆದ ವೇಗ ಬಿಸಿಯಾಗಿ ಗಾಳಿಗೆ ಹೋಯಿತು ಅಂತ ತಿಳಿಯಿರಿ. ನಾನು ಇನ್ನೂರು ಮೀಟರ್ ಮೊದಲೇ ಕಾಲು ತೆಗೆಯುತ್ತೇನೆ. ಗಾಡಿ ಗೇರಿನಲ್ಲೇ ಉರುಳಿಕೊಂಡು ಹೋಗಿ ಬ್ಯಾರಿಕೇಡಿನ ಹತ್ತಿರ ನಲವತ್ತಕ್ಕೆ ಇಳಿದಿರುತ್ತದೆ. ಹಿಂದಿನವ ಹಾರ್ನ್ ಹಾಕುತ್ತಾನೆ, ಹಾಕಲಿ. ಸಾಸ್ತಾನದ ಟೋಲಿನಲ್ಲಿ ಅವನೂ ನಾನೂ ಅಕ್ಕಪಕ್ಕದ ಸಾಲಿನಲ್ಲೇ ನಿಂತಿರುತ್ತೇವೆ.

ಇನ್ನೊಂದು. ಎಕ್ಸ್‌ಪ್ರೆಸ್ ಬಸ್ಸನ್ನು ಹಿಂಬಾಲಿಸಬೇಡಿ. ಅವರಿಗೆ ಟೈಮಿಂಗ್ ಉಂಟು, ನಿಮಗೆ ಇಲ್ಲ. (ನನ್ನ ಹೆಸರು ನೋಡಿ ನಗಬೇಡಿ, ಅದು ಕಾಲೇಜಿನಲ್ಲಿ ಇಟ್ಟದ್ದು.)

ಮಣ್ಣಪಳ್ಳದ ಮೇಷ್ಟ್ರು · 11:15

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಹೈವೇಯಲ್ಲಿ ಎಷ್ಟರಲ್ಲಿ ಓಡಿಸಿದಿರಿ?

ಕುಡ್ಲದ ಅಳಿಯ · 11:18

ಸುರತ್ಕಲ್ ದಾಟಿದ ಮೇಲೆ ನೂರು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಮೇಲೆ. ರೋಡು ಖಾಲಿ ಇತ್ತು.

ಮಣ್ಣಪಳ್ಳದ ಮೇಷ್ಟ್ರು · 11:40

ಹಾಂ, ಒಂದು ಕಾರಣ ಸಿಕ್ಕಿತು. ಗಾಳಿ ಕಾರನ್ನು ಹಿಂದಕ್ಕೆ ತಳ್ಳುವ ಬಲ ವೇಗದ ವರ್ಗದ ಹಾಗೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ, ಗಾಳಿಯ ತಡೆ ಹೆಚ್ಚಿದ್ದು ಅರ್ಧ ಭಾಗಕ್ಕಿಂತ ಮೇಲೆ. ಸಣ್ಣ ಕಾರುಗಳಿಗೆ ಉದ್ದ ಕಮ್ಮಿ, ಎತ್ತರ ಜಾಸ್ತಿ. ನಿಂತ ಪೆಟ್ಟಿಗೆಯ ಹಾಗೆ. ಒಂದು ಲೀಟರಿನ ಎಂಜಿನ್ ಐದು ಜನರನ್ನು ಹೊತ್ತು ನೂರರಲ್ಲಿ ಓಡುವಾಗ ಅದರ ಉಸಿರು ಕಟ್ಟಿರುತ್ತದೆ.

ಈಗ ಸಮಯ ನೋಡಿ. ಮಂಗಳೂರಿನಿಂದ ಉಡುಪಿಗೆ ಹತ್ತಿರ ಹತ್ತಿರ 57 ಕಿಲೋಮೀಟರ್. ಉದ್ದಕ್ಕೂ 80ರಲ್ಲಿ ಹೋದರೆ 43 ನಿಮಿಷ. 100ರಲ್ಲಿ ಹೋದರೆ 34. ಉಳಿಯುವುದು ಒಂಬತ್ತು ನಿಮಿಷ, ಅದೂ ಕಾಗದದ ಮೇಲೆ. ಕೂಳೂರು ಸೇತುವೆಯಲ್ಲಿ ಬಂದರಿನ ಲಾರಿಗಳ ಹಿಂದೆ ನಿಂತರೆ ಆ ಒಂಬತ್ತೂ ಅಲ್ಲೇ ಹೋಯಿತು.

ನಿಂತದ್ದಕ್ಕೂ ಲೆಕ್ಕ ಉಂಟು. ಇಂಥ ಎಂಜಿನ್ ಎ.ಸಿ. ಹಾಕಿಕೊಂಡು ಸುಮ್ನೆ ನಿಂತರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ. ಕೂಳೂರಿನಲ್ಲಿ ಇಪ್ಪತ್ತು ನಿಮಿಷ ಅಂದರೆ ಕಾಲು ಲೀಟರಿಗೆ ಕಮ್ಮಿ ಇಲ್ಲ. ಸಾಲು ಅಲ್ಲಾಡುವುದೇ ಇಲ್ಲ ಅಂತ ಗೊತ್ತಾದರೆ ಎಂಜಿನ್ ಆಫ್ ಮಾಡಿ.

ಸೋಮೇಶ್ವರ ಚೆಕ್‌ಪೋಸ್ಟ್ · ಸೋಮವಾರ ಬೆಳಿಗ್ಗೆ 7:05

ಆಗುಂಬೆ ಹತ್ತಿದ್ದೀರಿ ಅಂದ ಮೇಲೆ ಮೈಲೇಜಿನ ಬಗ್ಗೆ ಬೇಜಾರು ಯಾಕೆ? ಹತ್ತುವಾಗ ಹೇಗೂ ಕುಡಿಯುತ್ತದೆ. ಇಳಿಯುವಾಗ ನ್ಯೂಟ್ರಲ್ ಮಾಡಿ ಬಿಟ್ಟರೆ ಘಾಟಿಯ ಕೆಳಗಿನ ಸೋಮೇಶ್ವರದವರೆಗೆ ಒಂದು ಹನಿ ಬೇಡ. ನಮ್ಮ ಅಪ್ಪ ಅಂಬಾಸಿಡರಿನಲ್ಲಿ ಹಾಗೇ ಇಳಿಸುತ್ತಿದ್ದರು.

ಸ್ಪ್ಯಾನರ್ ಅಣ್ಣ · 7:30

ದಯವಿಟ್ಟು ಈ ಮಾತನ್ನು ಯಾರೂ ಪಾಲಿಸಬೇಡಿ.

ನಿಮ್ಮ ಅಪ್ಪನ ಕಾಲದ್ದು ಕಾರ್ಬೊರೇಟರ್. ಅದರಲ್ಲಿ ಗೇರಿನಲ್ಲಿ ಇಳಿದರೂ ಪೆಟ್ರೋಲ್ ಎಳೆಯುತ್ತಿತ್ತು, ಅವರ ಲೆಕ್ಕ ಅವತ್ತಿಗೆ ಸರಿ. ಈಗಿನದು ಇಂಜೆಕ್ಷನ್ ಗಾಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನನ್ನು ತಿರುಗಿಸುತ್ತಿರುತ್ತದೆ. ಖರ್ಚು ಸೊನ್ನೆ. ನ್ಯೂಟ್ರಲ್ ಮಾಡಿದಿರಾ, ಎಂಜಿನ್ ತಾನೇ ಉರಿದುಕೊಂಡು ಇರಬೇಕಾಗುತ್ತದೆ, ಆಗ ಪೆಟ್ರೋಲ್ ಬೇಕೇ ಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಇಳಿದವನೇ ಜಾಸ್ತಿ ಸುಡುತ್ತಾನೆ.

ಅದು ಕಾಸಿನ ಮಾತು. ಜೀವದ ಮಾತು ಬೇರೆ. ಆ 14 ಹೇರ್‌ಪಿನ್ ತಿರುವುಗಳಲ್ಲಿ ಬರೀ ಬ್ರೇಕಿನ ಮೇಲೆ ಗಾಡಿ ಹಿಡಿದರೆ ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಒತ್ತಿದರೂ ಹಿಡಿಯುವುದಿಲ್ಲ. ಎಂಜಿನ್ನೇ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಬ್ರೇಕ್ ಹಗುರ ಮಾಡುವ ಬೂಸ್ಟರ್ ಎರಡು ಮೂರು ಸಲ ಒತ್ತುವುದರಲ್ಲಿ ಸತ್ತು ಹೋಗುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ.

ಸೋಮೇಶ್ವರ ಚೆಕ್‌ಪೋಸ್ಟ್ · 7:41

ಇಪ್ಪತ್ತು ವರ್ಷದಿಂದ ನಾನೂ ಹಾಗೇ ಇಳಿದಿದ್ದೇನೆ, ಏನೂ ಆಗಿಲ್ಲ.

ಸ್ಪ್ಯಾನರ್ ಅಣ್ಣ · 7:44

ಬ್ರೇಕ್ ಶೂ ಎಷ್ಟು ಸಲ ಬದಲಾಯಿಸಿದಿರಿ?

ಸೋಮೇಶ್ವರ ಚೆಕ್‌ಪೋಸ್ಟ್ · 7:58

ಅದು ಬೇರೆ ವಿಷಯ.

ಮಣ್ಣಪಳ್ಳದ ಮೇಷ್ಟ್ರು · 8:30

ಘಾಟಿ ಹತ್ತುವುದಕ್ಕೆ ನಿಜವಾಗಿ ಎಷ್ಟು ಬೇಕು ಅಂತ ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದೆ. ಆಗುಂಬೆ ಸಮುದ್ರ ಮಟ್ಟದಿಂದ 640 ಮೀಟರಿನ ಆಸುಪಾಸು. ಕಾರು, ಐದು ಜನ, ಬ್ಯಾಗು ಎಲ್ಲ ಸೇರಿ 1200 ಕೆ.ಜಿ. ಅಂತಿಟ್ಟುಕೊಳ್ಳಿ. ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ಬರುತ್ತದೆ ಅಂತಲೂ ಇಟ್ಟುಕೊಳ್ಳಿ. ಬರೀ ಎತ್ತರಕ್ಕೆ ಏರಿಸಲು ಹೆಚ್ಚುಕಮ್ಮಿ ಒಂದು ಲೀಟರ್. ಇಳಿಯುವಾಗ ಅದರಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ, ಅಣ್ಣ ಹೇಳಿದ ಹಾಗೆ ಗೇರಿನಲ್ಲಿ ಇಳಿದರೆ. ಅಳಿಯಂದಿರೇ, ನಿಮ್ಮ 30 ಲೀಟರಿನಲ್ಲಿ ಆಗುಂಬೆಯ ಪಾಲು ಇಷ್ಟೇ. ಕಳ್ಳ ಬೇರೆ ಎಲ್ಲೋ ಇದ್ದಾನೆ.

ತಲಪಾಡಿ ಗಡಿ · 9:10

ಪೆಟ್ರೋಲಿನ ಮೇಲೆ ಯಾರೂ ಅನುಮಾನ ಪಡಲಿಲ್ಲವಲ್ಲ? ಈಗ ಎಲ್ಲ ಬಂಕಿನಲ್ಲೂ ಇ20. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಮೊದಲಿನ ಹಾಗೆ ಮೈಲೇಜ್ ಎಲ್ಲಿಂದ ಬರಬೇಕು? ನಮ್ಮ ಮಂಜೇಶ್ವರದ ಕಡೆಯವರು ಆದರೂ ಗಡಿ ದಾಟಿ ತಲಪಾಡಿಯಲ್ಲೇ ಹಾಕಿಸುತ್ತೇವೆ. ಕೇರಳದಲ್ಲಿ ರೇಟು ಜಾಸ್ತಿ. ಮತ್ತೆ, ಬೆಳಿಗ್ಗೆ ಬೇಗ ಹಾಕಿಸಬೇಕು. ತಣ್ಣಗಿರುವಾಗ ಪೆಟ್ರೋಲ್ ಗಟ್ಟಿ ಇರುತ್ತದೆ. ಐನೂರಕ್ಕೆ ಅನ್ನಬಾರದು, 510ಕ್ಕೆ ಅನ್ನಬೇಕು, ರೌಂಡ್ ಮೊತ್ತಕ್ಕೆ ಅಳತೆಯಲ್ಲಿ ಮೋಸ ಇರುತ್ತದಂತೆ.

ಮಣ್ಣಪಳ್ಳದ ಮೇಷ್ಟ್ರು · 9:35

ಇ20 ಮಾತು ಅರ್ಧ ನಿಜ. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಐದರಲ್ಲಿ ಒಂದು ಪಾಲು ಬೆರೆಸಿದರೆ ಒಟ್ಟು ಶಕ್ತಿ ಆರೇಳು ಪರ್ಸೆಂಟ್ ಇಳಿಯುತ್ತದೆ. ಇಪ್ಪತ್ತು ಬರುವ ಕಡೆ ಹದಿನೆಂಟೂವರೆ, ಹತ್ತೊಂಬತ್ತು ಬಂದರೆ ಅದರ ಮೇಲೆ ಹೇಳಬಹುದು. ಹನ್ನೆರಡಕ್ಕೆ ಹೇಳಲು ಆಗುವುದಿಲ್ಲ.

ಬೆಳಗಿನ ಪೆಟ್ರೋಲ್ ಮಾತು ಬಿಡಿ. ಬಂಕಿನ ಟ್ಯಾಂಕ್ ನೆಲದಡಿಯಲ್ಲಿದೆ. ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇಲ್ಲ. 510 ಮಾತಂತೂ ಹತ್ತು ರೂಪಾಯಿ ಜಾಸ್ತಿ ಕೊಡುವ ದಾರಿ ಅಷ್ಟೇ. ಅಳತೆಯ ಮೇಲೆ ಅನುಮಾನ ಇದ್ದರೆ ಬಂಕಿನಲ್ಲಿ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಇರಲೇಬೇಕು. ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ?

ಕುಂದಾಪ್ರ ಎಕ್ಸ್‌ಪ್ರೆಸ್ · ಮಧ್ಯಾಹ್ನ 1:20

ಎ.ಸಿ. ವಿಷಯ ಯಾರೂ ಸರಿಯಾಗಿ ಎತ್ತಲಿಲ್ಲ. ನಮ್ಮೂರಿನ ಸೆಕೆಯಲ್ಲಿ ಎ.ಸಿ. ಇಲ್ಲದೆ ಓಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ನಾನೇ ಓಡಿಸುವುದಿಲ್ಲ. ಆದರೆ ಒಂದು ನೋಡಿ. ಪೇಟೆಯಲ್ಲಿ ಕಾರು ನಿಲ್ಲಿಸಿದಾಗ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತದಲ್ಲ? ಮೈಸೂರಿನಲ್ಲಿ ನಾಲ್ಕು ಹನಿ ಬಿದ್ದರೆ ಇಲ್ಲಿ ಸಣ್ಣ ಧಾರೆ. ಅದೆಲ್ಲ ಕಾರೊಳಗಿನ ಗಾಳಿಯಿಂದ ಹಿಂಡಿ ತೆಗೆದ ನೀರು. ಕರಾವಳಿಯಲ್ಲಿ ಎ.ಸಿ.ಗೆ ಗಾಳಿ ತಣ್ಣಗೆ ಮಾಡುವುದರ ಜೊತೆ ಈ ಹಿಂಡುವ ಕೆಲಸವೂ ಉಂಟು. ಹಿಂಡುವುದಕ್ಕೂ ಪೆಟ್ರೋಲೇ ಬೇಕು.

ನಾನು ಮಾಡುವುದು ಇಷ್ಟು. ಬಿಸಿಲಿಗೆ ನಿಂತ ಕಾರಿನ ಬಾಗಿಲು ಎರಡೂ ಕಡೆ ಒಂದು ನಿಮಿಷ ತೆರೆದಿಡುವುದು. ಆಮೇಲೆ ಎ.ಸಿ. ಹಾಕಿ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತುವುದು. ಹೊರಗಿನ ಹಸಿ ಗಾಳಿ ಎಳೆದುಕೊಳ್ಳುತ್ತಿದ್ದರೆ ಅದಕ್ಕೆ ಕೆಲಸ ಮುಗಿಯುವುದೇ ಇಲ್ಲ. ಹೈವೇಯಲ್ಲಿ ಎಂಬತ್ತರಲ್ಲಿ ನಾಲ್ಕೂ ಕಿಟಕಿ ಇಳಿಸಿ ಉಳಿಸುತ್ತೇನೆ ಅನ್ನುವವರು ಅಂದುಕೊಂಡಷ್ಟು ಉಳಿಸುವುದಿಲ್ಲ. ಗಾಳಿ ಒಳಗೆ ನುಗ್ಗಿ ಕಾರನ್ನೇ ಹಿಡಿದು ಎಳೆಯುತ್ತದೆ. ಕಿವಿಯೂ ಕೆಪ್ಪಾಗುತ್ತದೆ.

ಗೋಳಿಬಜೆ · 1:34

ಸಿಎನ್‌ಜಿ ಕಾರು ತೆಗೆದುಕೊಂಡಿದ್ದರೆ ಇಷ್ಟೆಲ್ಲ ಇರಲಿಲ್ಲ. ನನ್ನ ಭಾವ ಕೆ.ಜಿ.ಗೆ ಮೂವತ್ತು ಅಂತಾನೆ.

ಸ್ಪ್ಯಾನರ್ ಅಣ್ಣ · 1:50

ಬಾಡಿಗೆಗೆ ಸಿಕ್ಕಿದರೆ ಒಳ್ಳೆಯದೇ. ಆದರೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ಐದು ಜನರ ಬ್ಯಾಗು ಎಲ್ಲಿಡುತ್ತೀರಿ? ಮೇಲೆ ಕ್ಯಾರಿಯರ್ ಹಾಕಿ ಕಟ್ಟಿದರೆ ಗಾಳಿಗೆ ಅದೊಂದು ಗೋಡೆ. ಮತ್ತೆ ಕ್ಯೂ ನಿಲ್ಲುವುದಕ್ಕೆ ರಜೆ ಹಾಕಬೇಕು.

ಕರಿ ಪ್ಲೇಟು · ರಾತ್ರಿ 9:15

ನಾನು ಉಡುಪಿಯಲ್ಲಿ ಆರು ಕಾರು ಬಾಡಿಗೆಗೆ ಬಿಟ್ಟಿದ್ದೇನೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ, ಎಲ್ಲ ಕಾನೂನು ಪ್ರಕಾರ. (ಬಿಳಿ ಪ್ಲೇಟಿನ ಕಾರನ್ನು ಬಾಡಿಗೆಗೆ ತೆಗೆದುಕೊಳ್ಳಬೇಡಿ. ಏನಾದರೂ ಆದರೆ ಇನ್ಶೂರೆನ್ಸ್ ಇಲ್ಲ.) ಈ ಚರ್ಚೆ ನಿನ್ನೆಯಿಂದ ಓದುತ್ತಿದ್ದೇನೆ. ನಮ್ಮ ಕಡೆಯ ಮಾತೂ ಒಂದು ಬರಲಿ.

ಇಪ್ಪತ್ತು ಗ್ಯಾರಂಟಿ ಅಂತ ಯಾವ ಬಾಡಿಗೆಯವನೂ ಹೇಳಬಾರದು. ಆದರೆ ಯಾಕೆ ಹೇಳುತ್ತಾನೆ ಗೊತ್ತಾ? ಅವನಿಗೇ ಗೊತ್ತಿಲ್ಲ. ಪೆಟ್ರೋಲ್ ಹಾಕುವವರು ನೀವು. ಗಾಡಿ ಹನ್ನೆರಡು ಕೊಟ್ಟರೂ, ಇಪ್ಪತ್ತು ಕೊಟ್ಟರೂ ನಮ್ಮ ಜೇಬಿಗೆ ವ್ಯತ್ಯಾಸ ಇಲ್ಲ. ಸರ್ವಿಸ್ ಮಾಡಿಸುವವರು ನಾವು, ಆದರೆ ಓಡಿಸುವವರು ದಿನಕ್ಕೊಬ್ಬರು. ಸ್ವಂತ ಕಾರಾದರೆ ಒಂದು ವಾರ ಪೆಟ್ರೋಲ್ ಜಾಸ್ತಿ ಕುಡಿದರೆ ಮನೆಯವರಿಗೆ ಗೊತ್ತಾಗುತ್ತದೆ. ಬಾಡಿಗೆ ಕಾರಿನಲ್ಲಿ ಮೈಲೇಜಿಗೆ ಅಪ್ಪ ಅಮ್ಮ ಇಲ್ಲ. ಇದು ನಮ್ಮ ಕಡೆಯ ತಪ್ಪು, ಒಪ್ಪಿಕೊಳ್ಳುತ್ತೇನೆ.

ಎರಡು ಕಡೆ ನೋಡಿ. ಒಂದು, ಟಯರಿನ ಗಾಳಿ. ನಾವು ತೊಳೆದು ಕೊಡುತ್ತೇವೆ, ಒರೆಸಿ ಕೊಡುತ್ತೇವೆ. ಗಾಳಿ ನೋಡಿ ಕೊಡುವವರು ಕಮ್ಮಿ. ಗಿರಾಕಿ ಇಳಿದ, ಮುಂದಿನವ ಹತ್ತಿದ, ನಡುವೆ ಒಂದು ಗಂಟೆ ಸಿಕ್ಕಿದರೆ ದೊಡ್ಡದು. ಎರಡು, ಹಿಂದಿನ ಬ್ರೇಕ್. ಮಳೆಗಾಲದಲ್ಲಿ ಗಿರಾಕಿ ಇರುವುದಿಲ್ಲ. ಕಾರು ಹ್ಯಾಂಡ್‌ಬ್ರೇಕ್ ಎಳೆದುಕೊಂಡು ವಾರಗಟ್ಟಲೆ ನಿಲ್ಲುತ್ತದೆ. ಸಮುದ್ರದ ಉಪ್ಪುಗಾಳಿ, ಮೇಲೆ ಮಳೆ. ಹಿಂದಿನ ಡ್ರಮ್ಮಿನೊಳಗೆ ತುಕ್ಕು ಹಿಡಿದು ಶೂ ಅಂಟಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಪೂರ್ತಿ ಬಿಡುವುದಿಲ್ಲ, ಉಜ್ಜಿಕೊಂಡೇ ಓಡುತ್ತದೆ. ಓಡಿಸುವವರಿಗೆ ಕಾರು ಸ್ವಲ್ಪ ಭಾರ ಅನ್ನಿಸುತ್ತದೆ. ಹೊಸ ಕಾರು, ಗುಣವೇ ಹೀಗೆ ಅಂದುಕೊಂಡು ಬಿಡುತ್ತಾರೆ.

ಕುಡ್ಲದ ಅಳಿಯ · 9:28

ಕಾರು ಭಾರ ಅನ್ನಿಸಿತ್ತು! ಮಣಿಪಾಲದ ಏರಿನಲ್ಲಿ ಎರಡನೇ ಗೇರಿಗೆ ಇಳಿಸಬೇಕಾಯಿತು. ಐದು ಜನ ಇದ್ದೇವೆ, ಅದಕ್ಕೇ ಅಂದುಕೊಂಡೆ. ಇದನ್ನು ನೋಡುವುದು ಹೇಗೆ?

ಸ್ಪ್ಯಾನರ್ ಅಣ್ಣ · 9:50

ಸುಲಭ. ಸಮ ಜಾಗದಲ್ಲಿ ಇಪ್ಪತ್ತರಲ್ಲಿ ಹೋಗುತ್ತಾ ಕ್ಲಚ್ ಒತ್ತಿ ಬಿಟ್ಟುಬಿಡಿ. ಹಿಂದೆ ಯಾರೂ ಇಲ್ಲದಾಗ ಮಾತ್ರ. ಕಾರು ಉರುಳಿಕೊಂಡು ಹೋಗಬೇಕು. ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ನಿಂತರೆ ಎಲ್ಲೋ ಉಜ್ಜುತ್ತಿದೆ. ಆಮೇಲೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಡಬಹುದು. ಹತ್ತಿರ ಹಿಡಿದರೆ ಸಾಕು. ಒಂದು ಮಾತ್ರ ಕಾವಲಿಯ ಹಾಗಿದ್ದರೆ ಕಳ್ಳ ಅಲ್ಲೇ.

ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲು ತೆರೆದರೆ ಒಳಗೆ ಸ್ಟಿಕ್ಕರ್ ಇರುತ್ತದೆ. ಫುಲ್ ಲೋಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು ಹಾಕಿಸಿ. ಟಯರ್ ತಣ್ಣಗಿರುವಾಗ ಅಳೆಯಬೇಕು. ಮೈಲೇಜಿಗೆ ಅಂತ ಅದಕ್ಕಿಂತ ಮೇಲೆ ಹೊಡೆಸಬೇಡಿ, ಮಳೆಯಲ್ಲಿ ಹಿಡಿತ ಹೋಗುತ್ತದೆ.

---

ಕುಡ್ಲದ ಅಳಿಯ · ಏಳು ವಾರದ ನಂತರ, ಶನಿವಾರ ರಾತ್ರಿ 10:05

ಎಲ್ಲರೂ ಮರೆತಿರಬಹುದು. ನಾನು ಮರೆತಿಲ್ಲ. ಮನೆಯಲ್ಲಿ ಒಂದು ಪೂಜೆ ಅಂತ ಮತ್ತೆ ಕಾವೂರಿಗೆ ಬಂದೆ. ಅದೇ ಬಾಡಿಗೆಯವರ ಹತ್ತಿರ ಹೋಗಿ ಅದೇ ಕಾರು ಕೇಳಿದೆ. ಅವರಿಗೆ ಆಶ್ಚರ್ಯ. "ಅದೇ ಬೇಕಾ ಸರ್? ಹೊಸದು ಬಂದಿದೆ." ಅದೇ ಬೇಕು ಅಂದೆ.

ಮೊದಲು ಹೋದದ್ದು ಪಂಕ್ಚರ್ ಅಂಗಡಿಗೆ. ಸ್ಟಿಕ್ಕರಿನಲ್ಲಿ ಮೂವತ್ತರ ಮೇಲೆ ಇತ್ತು. ಹುಡುಗ ಒಂದೊಂದೇ ಟಯರಿಗೆ ಗೇಜ್ ಚುಚ್ಚಿ ಕೂಗಿ ಹೇಳಿದ: 25, 24, 26. ಎಡಗಡೆ ಹಿಂದಿನದಕ್ಕೆ ಬಂದಾಗ ಒಮ್ಮೆ ತೆಗೆದು ಮತ್ತೆ ಚುಚ್ಚಿದ. 19. "ಸರ್, ಇದರಲ್ಲಿ ಮೊಳೆ ಉಂಟು" ಅಂದ. ನೀರು ಹಾಕಿ ತೋರಿಸಿದ, ಸಣ್ಣ ಗುಳ್ಳೆಗಳು ಬಂದವು. ಎಷ್ಟು ದಿನದಿಂದ ಆ ಮೊಳೆ ಅಲ್ಲಿತ್ತೋ. ನನ್ನ ಮೊದಲ ಸವಾರಿಯಲ್ಲೂ ಇತ್ತೋ ಏನೋ.

ಪಂಕ್ಚರಿಗೆ ಅಂತ ಜ್ಯಾಕ್ ಹಾಕಿ ಎತ್ತಿದ್ದನಲ್ಲ, ಚಕ್ರ ತಿರುಗಿಸಿ ನೋಡು ಅಂದೆ. ಎಡಗಡೆಯದು ಒಂದೂವರೆ ಸುತ್ತು ತಿರುಗಿ ನಿಂತಿತು. ಇನ್ನೊಂದು ಕಡೆಯದನ್ನೂ ಎತ್ತಿಸಿದೆ. ಅವನು ಎರಡೂ ಕೈಯಿಂದ ತಳ್ಳಿದ. ಗರ್ರ್ ಅಂತ ಕಾಲು ಸುತ್ತು, ಅಲ್ಲಿಗೇ ನಿಂತಿತು. ಕರಿ ಪ್ಲೇಟಿನವರೇ, ನಿಮ್ಮ ಮಾತು ಅಕ್ಷರ ಅಕ್ಷರ ನಿಜ.

ಬಾಡಿಗೆಯವರಿಗೆ ಫೋನ್ ಮಾಡಿದೆ. ಮೊದಲು "ಹಾಗೆಲ್ಲ ಇರಲಿಕ್ಕಿಲ್ಲ ಸರ್" ಅಂದರು. ಚಕ್ರ ತಿರುಗಿಸುವ ವಿಡಿಯೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಮೆಕ್ಯಾನಿಕ್ ಬಂದ. ಡ್ರಮ್ ಬಿಚ್ಚಿದಾಗ ಕೆಂಪು ಪುಡಿ ಉದುರಿತು. ಉಜ್ಜಿ, ಸ್ಪ್ರಿಂಗ್ ಬದಲಾಯಿಸಿ, ಕೇಬಲ್ ಸಡಿಲ ಮಾಡಿ ಹೋದ. ಖರ್ಚು ಅವರದ್ದೇ.

ಆಮೇಲೆ ಬಂಕಿಗೆ ಹೋಗಿ ಮೊದಲ ಟಕ್‌ವರೆಗೆ ಫುಲ್. ಹುಡುಗ ರೌಂಡ್ ಮಾಡಲಾ ಅಂದ, ಬೇಡ ಅಂದೆ. ಅದೇ ಐದು ಜನ, ಉಡುಪಿ, ಆಗುಂಬೆ, ವಾಪಸ್, ಪೇಟೆಯೊಳಗೆ ಸ್ವಲ್ಪ. ಹೈವೇಯಲ್ಲಿ ಎಂಬತ್ತು. ಎ.ಸಿ. ಪೂರ್ತಿ ಹೊತ್ತು. ಘಾಟಿ ಇಳಿದದ್ದು ಎರಡನೇ ಗೇರಿನಲ್ಲಿ. ಬ್ಯಾರಿಕೇಡಿಗೆ ಇನ್ನೂರು ಮೀಟರ್ ಮೊದಲೇ ಕಾಲು ತೆಗೆಯುವುದು ಮಾತ್ರ ಬಹಳ ಕಷ್ಟ ಆಯಿತು ಅಕ್ಕಾ, ಕಾಲಿಗೆ ಅಭ್ಯಾಸವೇ ಇಲ್ಲ. ಮಗಳು ಹಿಂದಿನಿಂದ "ಅಪ್ಪಾ, ಕಾಲು" ಅಂತ ನೆನಪಿಸುತ್ತಾ ಇದ್ದಳು.

ನಿನ್ನೆ ಬೆಳಿಗ್ಗೆ ಅದೇ ಬಂಕು, ಅದೇ ಮೆಷಿನ್ನು. 291 ಕಿಲೋಮೀಟರ್, 15.8 ಲೀಟರ್. 18.4!

ಕುಂದಾಪ್ರ ಎಕ್ಸ್‌ಪ್ರೆಸ್ · 10:12

ಹ್ವಾಯ್! ಮಗಳಿಗೆ ಒಂದು ಐಸ್‌ಕ್ರೀಮ್ ಕೊಡಿಸಿ.

ಮಣ್ಣಪಳ್ಳದ ಮೇಷ್ಟ್ರು · 10:20

ಭೇಷ್. ಆದರೆ ಒಂದು ತಕರಾರು. ಒಂದೇ ಸಲ ನಾಲ್ಕು ವಿಷಯ ಬದಲಾಯಿಸಿದ್ದೀರಿ, ಗಾಳಿ, ಬ್ರೇಕ್, ವೇಗ, ಓಡಿಸುವ ರೀತಿ. ಯಾವುದರಿಂದ ಎಷ್ಟು ಬಂತು ಅಂತ ಹೇಳಲು ಆಗುವುದಿಲ್ಲ. ಮೊದಲಿನ 12.4 ಕೂಡ ಗಟ್ಟಿ ಅಂಕಿ ಅಲ್ಲ, ಅಣ್ಣ ಆಗಲೇ ಹೇಳಿದ್ದಾರೆ.

ಕುಡ್ಲದ ಅಳಿಯ · 10:24

ಮೇಷ್ಟ್ರೇ, ಒಂದೊಂದೇ ಬದಲಾಯಿಸಿ ನೋಡುವುದಕ್ಕೆ ನಾಲ್ಕು ಸಲ ಆಗುಂಬೆ ಹತ್ತಬೇಕು. ಅತ್ತೆ ಒಪ್ಪುವುದಿಲ್ಲ.

ಸ್ಪ್ಯಾನರ್ ಅಣ್ಣ · 10:31

ನನ್ನ ಅಂದಾಜಿನಲ್ಲಿ ದೊಡ್ಡ ಪಾಲು ಆ ಬ್ರೇಕಿನದ್ದು. ಅದಿರಲಿ, ಅಳಿಯಂದಿರೇ, ಎರಡನೇ ಸಲ ಫುಲ್ ಮಾಡಿಸಿದ್ದು ನಿನ್ನೆ ಬೆಳಿಗ್ಗೆ. ಕಾರು ವಾಪಸ್ ಕೊಟ್ಟದ್ದು ಯಾವಾಗ? ಬರುವಾಗ ಎರಡು ಕಡ್ಡಿ ತಾನೇ ಇದ್ದದ್ದು?

ಕುಡ್ಲದ ಅಳಿಯ · 10:40

ಅದನ್ನು ಯಾರೂ ಕೇಳದಿದ್ದರೆ ಸಾಕು ಅಂತ ಇದ್ದೆ.

ನಿನ್ನೆ ಎಲ್ಲರೂ ಕೊಲ್ಲೂರಿಗೆ ಹೋಗುವುದು ಅಂತ ಇತ್ತು. ಹೋಗಿ ಬಂದರೆ ಟ್ಯಾಂಕ್ ಸರಿಯಾಗಿ ಇಳಿಯುತ್ತದೆ ಅಂತ ಲೆಕ್ಕ ಹಾಕಿಯೇ ಫುಲ್ ಮಾಡಿಸಿದ್ದು. ಬಂಕಿನಿಂದ ಮನೆಗೆ ಬಂದರೆ ಅತ್ತೆಗೆ ಜ್ವರ. ಹೋಗಲಿಲ್ಲ. ಡಾಕ್ಟರ್ ಹತ್ತಿರ ಹೋಗಿ ಬಂದದ್ದು ಎಂಟು ಕಿಲೋಮೀಟರ್. ಇವತ್ತು ಬೆಳಿಗ್ಗೆ ತುಂಬಿದ ಟ್ಯಾಂಕಿನ ಸಮೇತ ಕಾರು ವಾಪಸ್ ಕೊಟ್ಟೆ. ಪೈಪ್ ಹಾಕಿ ತೆಗೆಯಬಹುದಾ ಅಂತ ನೋಡಿದೆ. ಈಗಿನ ಕಾರುಗಳಲ್ಲಿ ಪೈಪ್ ಒಳಗೇ ಇಳಿಯುವುದಿಲ್ಲವಂತೆ.

ಹೆಂಡತಿ ಆಗಲೇ ಲೆಕ್ಕ ಒಪ್ಪಿಸಿದ್ದಾಳೆ. ಹಳೇ ಮೈಲೇಜಿನಲ್ಲಿ 291 ಕಿಲೋಮೀಟರಿಗೆ ಇಪ್ಪತ್ಮೂರೂವರೆ ಲೀಟರ್ ಬೇಕಿತ್ತು. ಉಳಿಸಿದ್ದು ಏಳೂ ಮುಕ್ಕಾಲು. ಬಾಡಿಗೆಯವರ ಟ್ಯಾಂಕಿನಲ್ಲಿ ಬಿಟ್ಟು ಬಂದದ್ದು ಇಪ್ಪತ್ತಕ್ಕೂ ಮೇಲೆ. ಅವರು ಗೇಜ್ ನೋಡಿದರು, ನನ್ನ ಮುಖ ನೋಡಿದರು. "ಮುಂದಿನ ಸಲ ಬಂದಾಗ ಅಡ್ಜಸ್ಟ್ ಮಾಡುವ ಸರ್" ಅಂದರು.

ಗೋಳಿಬಜೆ · 10:42

😂😂😂

ಕರಿ ಪ್ಲೇಟು · 10:47

ಅದು ನಾನಲ್ಲ ಮಾರ್ರೆ. ನಾನು ಉಡುಪಿಯವನು.